ಆಂಗ್ಲ ಕ್ರಿಯಾಪದಗಳೂ ಅವುಗಳ ಸಂಗಡಿಗ ಕಿರುನುಡಿಗಳೂ

ಒಂದು ಭಾಷೆಯಲ್ಲಿ ಉದ್ದವಾದ ಶಬ್ದಗಳು ಕಠಿಣವಾದುವೆಂದೂ ಚಿಕ್ಕ ಶಬ್ದಗಳು ಸುಲಭವಾದುವೆಂದೂ ಸಾಮಾನ್ಯವಾಗಿ ಎಲ್ಲರೂ ಎಣಿಸುವರು. ಆಂಗ್ಲಭಾಷೆಯನ್ನು ಕಲಿಯತೊಡಗಿದವರಿಗೆ ಈ ಎಣಿಕೆಯು ಸರಿಯಲ್ಲವೆಂದು ಬೇಗನೆ ತಿಳಿದುಬರುವುದು. ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ‘ಎಕ್ಸ್‌ಟಿಂಗ್ವಿಷ್’ ಎಂದರೆ ನಂದಿಸುವುದು, ‘ಪೋಸ್ಟ್‌ಪೋನ್’ ಎಂದರೆ ಮುಂದಕ್ಕೆ ಹಾಕುವುದು, ‘ಟಾಲರೇಟ್’ ಎಂದರೆ ಸಹಿಸುವುದು ಎಂದು ತಡವರಿಸದೆ ಹೇಳಬಲ್ಲಳು. ಆದರೆ ಅವೇ ಅರ್ಥಗಳುಳ್ಳ ‘ಪುಟ್ ಔಟ್’, ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಎಂಬ ಮಾತುಗಳನ್ನು ಕೇಳಿದೊಡನೆ ಬೆಪ್ಪಾಗಿ ನಿಲ್ಲುವಳು. ‘ಪುಟ್’ ಎಂದರೆ ಇಡು, ‘ಔಟ್’ ಎಂದರೆ ಹೊರಗೆ ಎಂದು ಮೊದಲನೆಯ ಪಾಠಪುಸ್ತಕದಲ್ಲಿಯೇ ಅವಳು ಕಲಿತಿರುವಳಷ್ಟೆ. ಆದುದರಿಂದ ‘ಪುಟ್ ಔಟ್ ದ ಲ್ಯಾಂಪ್’ ಎಂದು ಯಾರಾದರೂ ಹೇಳಿದಾಗ, ದೀಪವನ್ನು ಆರಿಸುವುದಕ್ಕೆ ಬದಲಾಗಿ ಅದನ್ನೆತ್ತಿ ಜಗಲಿಯ ಮೇಲಿಟ್ಟು ಬಂದರೆ ಆಶ್ಚರ್ಯವೇನು? ಬಲ್ಲ ಎರಡು ಶಬ್ದಗಳು ಕೂಡಿ ಅರಿಯದ ಮೂರನೆಯದೊಂದು ಹುಟ್ಟಿತು.

ಹೀಗೆ ಒಂದು ಕ್ರಿಯಾಪದವೂ ಅದರ ಬೆನ್ನಿಗೆ ಬರುವ ಒಂದೋ ಎರಡೋ ಅವ್ಯಯಗಳೂ ಕೂಡಿ ಒಂದೇ ಅರ್ಥವನ್ನು ಕೊಡುವಾಗ, ಅದಕ್ಕೆ ಆಂಗ್ಲ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಎನ್ನುವರು. ನಾವು ಅದನ್ನು ಸಂಯುಕ್ತ ಕ್ರಿಯೆಯೆಂದು ಕರೆಯಬಹುದು. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಗ್ರಂಥಕರ್ತರು 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಎಂಬ ಪುಸ್ತಕದಲ್ಲಿ ಈ ಹೆಸರನ್ನು ಬಳಸಿ, ಇದನ್ನು ತಮಗೆ ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿಯವರೆಂದು ತಿಳಿಸಿರುವರು. ಹೆಸರು ಹೊಸದಾದರೂ ತೊಡಕು ಹಳೆಯದು. ಡಾಕ್ಟರ್ ಸಾಮ್ಯುಯೆಲ್ ಜಾನ್ಸನ್ನರು 1755ರಲ್ಲಿ ಹೊರಡಿಸಿದ ತಮ್ಮ ಪ್ರಸಿದ್ಧ ನಿಘಂಟಿನ ಪೀಠಿಕೆಯಲ್ಲಿಯೇ, ಪರದೇಶೀಯರಿಗೆ ಆಂಗ್ಲದಲ್ಲಿ ಅತ್ಯಂತ ಕಷ್ಟವನ್ನುಂಟುಮಾಡುವುದು ಕ್ರಿಯಾಪದದ ಹಿಂದೆ ಇಂತಹ ಕಿರುನುಡಿಯನ್ನು ಸೇರಿಸುವ ಪದ್ಧತಿಯೇ ಎಂದು ಹೇಳಿರುವರು. ಆದುದರಿಂದ ನಮ್ಮ ವಿದ್ಯಾರ್ಥಿನಿಯರು ಇವುಗಳಲ್ಲಿ ಎಡವಿದರೆ ಅದು ಬುದ್ಧಿಯ ಕೊರತೆಯಲ್ಲ.

ಇಷ್ಟರಿಂದ, ಇದು ಆಂಗ್ಲರಿಗೇ ವಿಶಿಷ್ಟವಾದ ವಿಚಿತ್ರವೆಂದು ತಿಳಿಯಕೂಡದು. ನಮ್ಮ ಮನೆಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳೋಣ. ‘ಕೈ’ ಎಂಬುದನ್ನೂ ‘ಕೊಡು’ ಎಂಬುದನ್ನೂ ಬಲ್ಲ ಪರದೇಶಿಯೊಬ್ಬಳು ‘ನಂಬಿದವಳು ಕೈಕೊಟ್ಟಳು’ ಎಂಬ ವಾಕ್ಯದ ಅರ್ಥವನ್ನು ಊಹಿಸಬಲ್ಲಳೇ? ಕೈ ಹಿಡಿದು ನಡೆಸಿದಳೆಂದೇ ಅವಳು ಭಾವಿಸುವಳು. ‘ಕೈಬಿಡು’, ‘ಕೈಗೊಳ್ಳು’, ‘ಎದುರುನೋಡು’, ‘ಬಾಯಿಬಿಡು’ ಇವೆಲ್ಲವೂ ಇದೇ ಬಗೆಯವು. ‘ನೋಡು’ ಬೇರೆ, ‘ನೋಡಿಕೋ’ ಬೇರೆ. ‘ಬರೆ’ ಬೇರೆ, ‘ಬರೆದಿಡು’ ಬೇರೆ. ‘ತಿಂದಳು’ ಎಂಬುದಕ್ಕೂ ‘ತಿಂದುಬಿಟ್ಟಳು’ ಎಂಬುದಕ್ಕೂ ಇರುವ ಭೇದವನ್ನು ತಟ್ಟೆಯಲ್ಲಿ ಏನೂ ಮಿಗದಿರುವುದೇ ತಿಳಿಸುವುದು. ಸಂಸ್ಕೃತವನ್ನು ತೆಗೆದುಕೊಂಡರೆ, ‘ಹೃ’ ಎಂಬ ಒಂದೇ ಧಾತುವು ಉಪಸರ್ಗಗಳ ಸಹಾಯದಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಐದು ಕಡೆಗೆ ಹೊರಳುವುದು. ಊಟವೆಲ್ಲಿ, ಪೆಟ್ಟೆಲ್ಲಿ! ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಮುಂದೆ ನಿಲ್ಲುವುದು. ಆಂಗ್ಲದಲ್ಲಿ ಕಿರುನುಡಿಯು ಕ್ರಿಯಾಪದದ ಹಿಂದೆ ಬರುವುದು. ಭೇದವು ಇಷ್ಟೇ.

ಆಂಗ್ಲದಲ್ಲಿಯೂ ಪೂರ್ವಕಾಲದಲ್ಲಿ ಈ ಕಿರುನುಡಿಗಳು ಬಹುಮಟ್ಟಿಗೆ ಕ್ರಿಯಾಪದದ ಮುಂದೆಯೇ ಇದ್ದುವು. ಕಾಲಕ್ರಮದಲ್ಲಿ ಅವು ಬಿಡಿಸಿಕೊಂಡು ಹಿಂದಕ್ಕೆ ಸರಿದುವು. ಮುಂದೆ ನಿಂತವುಗಳ ಅವಶೇಷವಾಗಿ ‘ಓವರ್‌ಕಮ್’, ‘ಅಪ್‌ಹೋಲ್ಡ್’, ‘ವಿತ್‌ಸ್ಟ್ಯಾಂಡ್’ ಮೊದಲಾದುವು ಇಂದಿಗೂ ಉಳಿದಿರುವುವು. ಕೆಲವೆಡೆಗಳಲ್ಲಿ ಎರಡು ರೂಪಗಳೂ ಜೊತೆಯಾಗಿ ನಿಂತು, ಒಂದಕ್ಕೊಂದು ವಿರುದ್ಧವಾದ ಅರ್ಥವನ್ನು ಕೊಡುವುದುಂಟು. ‘ಲುಕ್ ಓವರ್’ ಎಂದರೆ ಪರಿಶೀಲಿಸು. ‘ಓವರ್‌ಲುಕ್’ ಎಂದರೆ ಗಮನಿಸದೆ ಬಿಟ್ಟುಬಿಡು. ‘ಸೆಟ್ ಅಪ್’ ಎಂದರೆ ಸ್ಥಾಪಿಸು. ‘ಅಪ್‌ಸೆಟ್’ ಎಂದರೆ ಉರುಳಿಸು. ಲೆಕ್ಕದ ಪುಸ್ತಕವನ್ನು ‘ಲುಕ್ ಓವರ್’ ಮಾಡುವೆನೆಂದು ಹೇಳಬೇಕಾದವಳು ‘ಓವರ್‌ಲುಕ್’ ಮಾಡುವೆನೆಂದು ಬರೆದುಕೊಟ್ಟರೆ ಅವಳಿಗೆ ಕೆಲಸ ಸಿಕ್ಕುವುದು ಸಂದೇಹವೇ.

ಇಂಗ್ಲೆಂಡಿನ ಚರಿತ್ರೆಯಲ್ಲಿ 1066ನೆಯ ಇಸವಿಯು ಮುಖ್ಯವಾದುದು. ಆ ವರ್ಷ ನಾರ್ಮನರು ದೇಶವನ್ನು ಗೆದ್ದ ಮೇಲೆ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಭಾಷೆಯು ಮೆರೆಯಿತು. ವಿದ್ವಾಂಸರು ಮೊದಲಿನಿಂದಲೂ ಲ್ಯಾಟಿನ್ನನ್ನು ಬಳಸುತ್ತಿದ್ದರು. ಹೀಗಾಗಿ ಒಂದೇ ಭಾವಕ್ಕೆ ಎರಡು ಮಾತುಗಳು ನಿಂತುವು: ಅಡುಗೆಮನೆಗೂ ಬೀದಿಗೂ ದೇಶೀಯ ಮಾತು, ಕಚೇರಿಗೂ ಗ್ರಂಥಕ್ಕೂ ಪರಕೀಯ ಮಾತು. ನಮ್ಮಲ್ಲಿ ‘ತಾಳಿಕೋ’ ಎಂಬುದರ ಪಕ್ಕದಲ್ಲಿ ‘ಸಹಿಸು’, ‘ಎದುರುನೋಡು’ ಎಂಬುದರ ಪಕ್ಕದಲ್ಲಿ ‘ನಿರೀಕ್ಷಿಸು’, ‘ಬಿಟ್ಟುಬಿಡು’ ಎಂಬುದರ ಪಕ್ಕದಲ್ಲಿ ‘ಪರಿತ್ಯಜಿಸು’ ಇರುವಂತೆಯೇ ಅವರಲ್ಲಿ ‘ಪುಟ್ ಅಪ್ ವಿತ್’ ಮತ್ತು ‘ಟಾಲರೇಟ್’, ‘ಲುಕ್ ಫಾರ್ವರ್ಡ್ ಟು’ ಮತ್ತು ‘ಆಂಟಿಸಿಪೇಟ್’, ‘ಗಿವ್ ಅಪ್’ ಮತ್ತು ‘ಅಬ್ಯಾಂಡನ್’ ಇರುವುವು. ನಾವು ಆಂಗ್ಲವನ್ನು ಪುಸ್ತಕದಿಂದ ಕಲಿಯುವವರಾದುದರಿಂದ ಗ್ರಂಥದ ಮಾತನ್ನು ಮೊದಲು ಕಲಿಯುವೆವು. ಮನೆಯ ಮಾತು ಕಡೆಗೆ ಬರುವುದು, ಇಲ್ಲವೆ ಬರುವುದೇ ಇಲ್ಲ. ‘ಈ ಸೊಳ್ಳೆಗಳ ಉಪದ್ರವವನ್ನು ನಾನು ಸೈರಿಸಲಾರೆನು’ ಎಂದು ಊಟದ ಹೊತ್ತಿನಲ್ಲಿ ಮಾತನಾಡುವ ಹುಡುಗಿಯಂತೆ ನಮ್ಮ ಆಂಗ್ಲವು ಕೇಳಿಸುವುದಕ್ಕೆ ಇದೇ ಕಾರಣವು.

ಹಾಗಾದರೆ ಸಾವಿರಾರು ಸಂಯುಕ್ತ ಕ್ರಿಯೆಗಳನ್ನು ಕಂಠಪಾಠ ಮಾಡಬೇಕೇ? ಬೇಕಿಲ್ಲ. ಅವುಗಳಲ್ಲಿ ಬಳಕೆಯಾಗುವ ಕಿರುನುಡಿಗಳು ಕೆಲವೇ. ಪ್ರತಿಯೊಂದು ಕಿರುನುಡಿಗೂ ಮೂಲದಲ್ಲಿ ದಿಕ್ಕನ್ನೋ ಸ್ಥಾನವನ್ನೋ ತೋರಿಸುವ ಒಂದು ಚಿತ್ರವಿರುವುದು. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಥಗಳಲ್ಲಿ ಬಹುಪಾಲು ತಾವಾಗಿ ಹೊಂದಿಕೊಳ್ಳುವುವು.

‘ಅಪ್’ ಎಂಬುದನ್ನು ನೋಡೋಣ. ಇದರ ಚಿತ್ರವು ಮೇಲಕ್ಕೇರುವುದು. ‘ಗೆಟ್ ಅಪ್’ ಎಂದರೆ ಹಾಸಿಗೆಯಿಂದ ಏಳು. ಏರುವುದು ಹೆಚ್ಚುವುದಷ್ಟೆ, ಆದುದರಿಂದ ‘ಸ್ಪೀಕ್ ಅಪ್’ ಎಂದರೆ ಗಟ್ಟಿಯಾಗಿ ಮಾತನಾಡು, ‘ಗ್ರೋ ಅಪ್’ ಎಂದರೆ ಬೆಳೆದು ದೊಡ್ಡವನಾಗು, ‘ಬ್ರಿಂಗ್ ಅಪ್’ ಎಂದರೆ ಸಾಕಿ ಬೆಳೆಸು. ಕೊಡದಲ್ಲಿ ನೀರು ಏರಿ ಏರಿ ಕಂಠಕ್ಕೆ ಮುಟ್ಟಿದರೆ ಕೆಲಸ ಮುಗಿಯಿತು. ಆದುದರಿಂದ ‘ಅಪ್’ ಎಂಬುದು ಪೂರ್ಣತೆಯನ್ನೂ ಸೂಚಿಸುವುದು. ‘ಫಿಲ್ ಅಪ್’ ತುಂಬಿಬಿಡು, ‘ಈಟ್ ಅಪ್’ ತಿಂದುಬಿಡು, ‘ಯೂಸ್ ಅಪ್’ ಬಳಸಿ ಮುಗಿಸಿಬಿಡು, ‘ಟೇರ್ ಅಪ್’ ಚೂರುಚೂರಾಗಿ ಹರಿದುಹಾಕು. ಇಲ್ಲೆಲ್ಲ ನಮ್ಮ ‘ಬಿಡು’, ‘ಹಾಕು’ ಎಂಬ ಸಹಾಯಕ ಕ್ರಿಯೆಗಳು ಮಾಡುವ ಕೆಲಸವನ್ನೇ ‘ಅಪ್’ ಮಾಡುವುದು.

‘ಆಫ್’ ಎಂಬುದರ ಚಿತ್ರವು ಬೇರ್ಪಡುವುದು. ‘ಟೇಕ್ ಆಫ್’ ಎಂದರೆ ತೊಟ್ಟ ಉಡುಪನ್ನು ಕಳಚುವುದು. ವಿಮಾನವು ನೆಲವನ್ನು ಬಿಟ್ಟೇಳುವುದಕ್ಕೂ ಅದೇ ಮಾತು. ‘ಸೆಟ್ ಆಫ್’ ಪ್ರಯಾಣ ಹೊರಡು. ‘ಸೀ ಆಫ್’ ಬೀಳ್ಕೊಡು. ‘ಪುಟ್ ಆಫ್’ ಎಂದರೆ ಕಾರ್ಯವನ್ನು ಇಂದಿನಿಂದ ದೂರಕ್ಕೆ ಸರಿಸುವುದು. ‘ಕಾಲ್ ಆಫ್’ ಎಂದರೆ ರದ್ದುಮಾಡುವುದು. ಇವೆರಡರ ಭೇದವನ್ನು ಚೆನ್ನಾಗಿ ಗಮನಿಸಬೇಕು: ‘ಪುಟ್ ಆಫ್’ ಆದ ಪರೀಕ್ಷೆಗೆ ಓದುತ್ತಲೇ ಇರಬೇಕು, ‘ಕಾಲ್ ಆಫ್’ ಆದುದಕ್ಕೆ ಬೇಕಿಲ್ಲ. ಇದಕ್ಕೆ ಎದುರಾದ ‘ಆನ್’ ಎಂಬುದು ಅಂಟಿಕೊಂಡಿರುವುದನ್ನು ತೋರಿಸುವುದು: ‘ಪುಟ್ ಆನ್’ ತೊಟ್ಟುಕೋ. ಅಂಟಿಕೊಂಡಿರುವುದೇ ಮುಂದುವರಿಯುವುದು: ‘ಗೋ ಆನ್’, ‘ಕ್ಯಾರಿ ಆನ್’ ಎಂದರೆ ನಿಲ್ಲಿಸದೆ ನಡೆಸು.

‘ಔಟ್’ ಎಂಬುದು ಎರಡು ವಿರುದ್ಧಾರ್ಥಗಳನ್ನು ಕೊಡುವಂತೆ ತೋರುವುದು. ‘ಫೈಂಡ್ ಔಟ್’ ಕಂಡುಹಿಡಿ, ‘ಪಾಯಿಂಟ್ ಔಟ್’ ಎತ್ತಿ ತೋರಿಸು ಎಂಬಲ್ಲಿ ವಿಷಯವು ಬೆಳಕಿಗೆ ಬರುವುದು. ‘ಪುಟ್ ಔಟ್’ ನಂದಿಸು, ‘ರನ್ ಔಟ್’ ತೀರಿಹೋಗು, ‘ವೇರ್ ಔಟ್’ ಸವೆದುಹೋಗು ಎಂಬಲ್ಲಿ ವಸ್ತುವು ಇಲ್ಲವಾಗುವುದು. ಮನೆಯಿಂದ ಹೊರಟವಳೊಬ್ಬಳನ್ನು ನೆನೆದರೆ ಈ ಒಗಟು ಬಿಡುವುದು. ಬೀದಿಯಲ್ಲಿರುವವರಿಗೆ ಅವಳು ಕಾಣಿಸಿಕೊಂಡಳು, ಒಳಗಿರುವವರಿಗೆ ಮರೆಯಾದಳು. ಹೊರಗೆ ಹೋಗುವುದೊಂದೇ, ನೋಡುವವರ ಸ್ಥಾನವು ಬೇರೆ.

‘ಡೌನ್’ ಎಂಬುದು ಇಳಿಯುವುದನ್ನೂ ಕುಗ್ಗುವುದನ್ನೂ ನೆಲೆನಿಲ್ಲುವುದನ್ನೂ ತೋರಿಸುವುದು: ‘ಕಟ್ ಡೌನ್’ ಕಡಿಮೆಮಾಡು, ‘ಬ್ರೇಕ್ ಡೌನ್’ ಕೆಟ್ಟು ನಿಲ್ಲು, ‘ಟರ್ನ್ ಡೌನ್’ ನಿರಾಕರಿಸು, ‘ಲೆಟ್ ಡೌನ್’ ನಮ್ಮ ‘ಕೈಕೊಡು’, ‘ರೈಟ್ ಡೌನ್’ ನಮ್ಮ ‘ಬರೆದಿಡು’. ‘ಓವರ್’ ಎಂಬುದು ದಾಟುವುದು: ‘ಗೆಟ್ ಓವರ್’ ಎಂದರೆ ಕಾಯಿಲೆಯನ್ನೋ ದುಃಖವನ್ನೋ ದಾಟಿ ಚೇತರಿಸಿಕೊಳ್ಳುವುದು, ‘ಟೇಕ್ ಓವರ್’ ಎಂದರೆ ಒಬ್ಬರ ಕೈಯಿಂದ ಇನ್ನೊಬ್ಬರು ಕೆಲಸವನ್ನು ವಹಿಸಿಕೊಳ್ಳುವುದು.

ಇನ್ನು ಒಂದೇ ಕ್ರಿಯಾಪದವು ಬೇರೆಬೇರೆ ಕಿರುನುಡಿಗಳೊಡನೆ ಸೇರಿ ಹೇಗೆ ಸಂಸಾರವನ್ನು ಬೆಳೆಸುವುದೆಂಬುದಕ್ಕೆ ‘ಲುಕ್’ ಒಳ್ಳೆಯ ನಿದರ್ಶನವು. ‘ಲುಕ್ ಅಟ್’ ನೋಡು. ‘ಲುಕ್ ಫಾರ್’ ಹುಡುಕು. ‘ಲುಕ್ ಆಫ್ಟರ್’ ನೋಡಿಕೋ. ‘ಲುಕ್ ಇಂಟು’ ವಿಚಾರಣೆ ಮಾಡು. ‘ಲುಕ್ ಅಪ್’ ನಿಘಂಟಿನಲ್ಲಿ ತೆಗೆದು ನೋಡು. ‘ಲುಕ್ ಔಟ್’ ಎಚ್ಚರಿಕೆ. ‘ಲುಕ್ ಅಪ್ ಟು’ ಗೌರವದಿಂದ ಕಾಣು. ‘ಲುಕ್ ಡೌನ್ ಆನ್’ ಕೀಳಾಗಿ ಕಾಣು. ‘ಲುಕ್ ಫಾರ್ವರ್ಡ್ ಟು’ ಸಂತೋಷದಿಂದ ಎದುರುನೋಡು. ಕನ್ನಡದಲ್ಲಿಯೂ ಇವುಗಳಲ್ಲಿ ಹಲವನ್ನು ‘ನೋಡು’, ‘ಕಾಣು’ ಎಂಬ ಕ್ರಿಯೆಗಳಿಂದಲೇ ಹೇಳುವೆವೆಂಬುದನ್ನು ಗಮನಿಸಿರಿ. ನಡೆಯಲು ಕಲಿತ ಮಗುವಿನ ಹಿಂದೆಯೇ ತಾಯಿಯ ದೃಷ್ಟಿಯು ಹೋಗುವಂತೆ ನೆನೆದುಕೊಂಡರೆ ‘ಲುಕ್ ಆಫ್ಟರ್’ ಎಂಬುದು ಮರೆತುಹೋಗುವುದಿಲ್ಲ.

ಅರ್ಥವು ತಿಳಿದರೆ ಸಾಲದು. ಕರ್ಮಪದವನ್ನು ಎಲ್ಲಿಡಬೇಕೆಂಬುದನ್ನೂ ತಿಳಿಯಬೇಕು. ಇದಕ್ಕಾಗಿ ನಾಲ್ಕು ಪಂಗಡಗಳನ್ನು ಮಾಡಿಕೊಳ್ಳಬಹುದು. ಮೊದಲನೆಯದು ಕರ್ಮವನ್ನೇ ಬೇಡದ ‘ಗೆಟ್ ಅಪ್’, ‘ಸೆಟ್ ಆಫ್’ ಮೊದಲಾದುವು, ಇವುಗಳಿಂದ ತೊಂದರೆಯಿಲ್ಲ. ಎರಡನೆಯದು ಬಿಡಿಸಬಹುದಾದ ಜೋಡಿಗಳು. ‘ಪುಟ್ ಔಟ್ ದ ಲ್ಯಾಂಪ್’ ಎಂದರೂ ಸರಿ, ‘ಪುಟ್ ದ ಲ್ಯಾಂಪ್ ಔಟ್’ ಎಂದರೂ ಸರಿ. ಆದರೆ ದೀಪದ ಬದಲಿಗೆ ‘ಇಟ್’ ಎಂಬ ಸರ್ವನಾಮವನ್ನಿಟ್ಟರೆ ಅದು ನಡುವೆಯೇ ನಿಲ್ಲಬೇಕು: ‘ಪುಟ್ ಇಟ್ ಔಟ್’. ‘ಪುಟ್ ಔಟ್ ಇಟ್’ ಎಂದು ಎಂದಿಗೂ ಹೇಳಕೂಡದು. ಮೂರನೆಯದು ಬಿಡಿಸಲಾಗದ ಜೋಡಿಗಳು. ‘ಲುಕ್ ಆಫ್ಟರ್ ದ ಚೈಲ್ಡ್’, ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು. ‘ಲುಕ್ ಹರ್ ಆಫ್ಟರ್’ ಎಂಬುದು ಆಂಗ್ಲವೇ ಅಲ್ಲ. ನಾಲ್ಕನೆಯದು ಮೂರು ಶಬ್ದಗಳ ಗುಂಪು: ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’, ‘ರನ್ ಔಟ್ ಆಫ್’. ಇವೂ ಸಾಮಾನ್ಯವಾಗಿ ಒಡೆಯುವುದಿಲ್ಲ. ‘ಲುಕ್ ಫಾರ್ವರ್ಡ್ ಟು’ ಎಂಬುದರ ಮುಂದೆ ‘ಸೀ’ ಎನ್ನದೆ ‘ಸೀಯಿಂಗ್’ ಎನ್ನಬೇಕೆಂಬುದನ್ನು ಪತ್ರ ಬರೆಯುವವರು ನೆನಪಿಡತಕ್ಕದ್ದು.

ಎರಡನೆಯ ಪಂಗಡವನ್ನೂ ಮೂರನೆಯದನ್ನೂ ಗುರುತಿಸಲು ಕಿವಿಯು ಸಹಾಯ ಮಾಡುವುದು. ಬಿಡಿಸಬಹುದಾದ ಜೋಡಿಯಲ್ಲಿ ಕಿರುನುಡಿಯ ಮೇಲೆ ಒತ್ತು ಬೀಳುವುದು: ‘ಪುಟ್ ಇಟ್ ಔಟ್’ ಎಂಬಲ್ಲಿ ‘ಔಟ್’ ಗಟ್ಟಿಯಾಗಿ ಕೇಳಿಸುವುದು. ‘ಲುಕ್ ಆಫ್ಟರ್ ಹರ್’ ಎಂಬಲ್ಲಿ ಸಾಮಾನ್ಯವಾಗಿ ಒತ್ತು ‘ಲುಕ್’ ಎಂಬುದರ ಮೇಲಿರುವುದು. ಇದರಿಂದಲೇ ಈ ವಿಷಯವನ್ನು ಕಣ್ಣಿನಿಂದ ಮಾತ್ರವಲ್ಲದೆ ಬಾಯಿಯಿಂದಲೂ ಕಲಿಯಬೇಕೆಂಬುದು ಸ್ಪಷ್ಟವಾಗುವುದು.

ಎಲ್ಲಿ ಯಾವ ಮಾತನ್ನು ಬಳಸಬೇಕೆಂಬ ವಿವೇಕವೂ ಬೇಕು. ಮುಖ್ಯೋಪಾಧ್ಯಾಯಿನಿಯವರಿಗೆ ಬರೆಯುವ ಅರ್ಜಿಯಲ್ಲಿ ಸಭೆಯು ‘ಪೋಸ್ಟ್‌ಪೋನ್’ ಆಯಿತೆಂಬುದು ಯುಕ್ತವು. ಗೆಳತಿಯೊಡನೆ ಮಾತನಾಡುವಾಗ ‘ಪುಟ್ ಆಫ್’ ಎಂಬುದೇ ಸಹಜವು. ಆದರೆ ಸಂಯುಕ್ತ ಕ್ರಿಯೆಗಳೆಲ್ಲವೂ ಗ್ರಾಮ್ಯವೆಂದು ತಿಳಿಯಬೇಡಿರಿ. ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’, ‘ಸೆಟ್ ಅಪ್’ ಮೊದಲಾದುವು ವಿದ್ವತ್ಪೂರ್ಣವಾದ ಗ್ರಂಥಗಳಲ್ಲಿಯೂ ಕಾಣಬರುವುವು. ಸಿ. ಕೆ. ಆಗ್ಡೆನ್ ಎಂಬವರು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಸರಳ ಆಂಗ್ಲವನ್ನು ರಚಿಸಿದಾಗ ಅವರು ಆರಿಸಿಕೊಂಡ ಶಬ್ದಗಳು 850. ಅವುಗಳಲ್ಲಿ ಕ್ರಿಯಾಪದಗಳು 18 ಮಾತ್ರ. ಇಷ್ಟು ಸ್ವಲ್ಪ ಕ್ರಿಯಾಪದಗಳಿಂದ ವ್ಯವಹಾರವನ್ನೆಲ್ಲ ನಡೆಸಬಹುದೆಂದು ಅವರು ನಂಬಿದುದು, ‘ಪುಟ್’, ‘ಗೆಟ್’, ‘ಗೋ’, ‘ಟೇಕ್’ ಎಂಬುವು ಕಿರುನುಡಿಗಳೊಡನೆ ಸೇರಿ ನೂರಾರು ಕ್ರಿಯೆಗಳ ಕೆಲಸವನ್ನು ಮಾಡಬಲ್ಲುವೆಂಬ ಕಾರಣದಿಂದಲೇ.

ಈ ಜ್ಞಾನವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವೇ ಎಂದು ಕೇಳುವವರಿರಬಹುದು. ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಅನೇಕರು ದಾದಿಯರ ವೃತ್ತಿಯನ್ನು ಕೈಗೊಂಡು ಬ್ರಿಟನ್ ಮೊದಲಾದ ದೇಶಗಳಿಗೆ ಹೋಗುವರು. ಅಲ್ಲಿ ರೋಗಿಯು ಲ್ಯಾಟಿನ್ ಶಬ್ದಗಳಲ್ಲಿ ನರಳುವುದಿಲ್ಲ. ‘ಪಾಸ್ಡ್ ಔಟ್’ ಎಂದರೆ ಮೂರ್ಛೆಹೋದನು; ‘ಪಾಸ್ಡ್ ಅವೇ’ ಎಂದರೆ ತೀರಿಕೊಂಡನು; ‘ಕೇಮ್ ರೌಂಡ್’ ಎಂದರೆ ಪ್ರಜ್ಞೆ ಬಂದಿತು. ಔಷಧದ ಪ್ರಭಾವವು ಇಳಿದುಹೋಗುವುದು ‘ವೇರ್ ಆಫ್’. ತಿಂದುದು ವಾಂತಿಯಾಗದೆ ಹೊಟ್ಟೆಯಲ್ಲಿ ನಿಲ್ಲುವಂತಿದ್ದರೆ ‘ಕೀಪ್ ಡೌನ್’. ವಾಂತಿಮಾಡುವುದು ‘ಥ್ರೋ ಅಪ್’, ಇಲ್ಲವೆ ‘ಬ್ರಿಂಗ್ ಅಪ್’. ಮಗುವನ್ನು ಸಾಕುವುದಕ್ಕೂ ವಾಂತಿಗೂ ಒಂದೇ ಮಾತೆಂಬುದನ್ನು ಅರಿಯದವಳ ಪಾಡೇನು? ಉಪ್ಪನ್ನು ‘ಕಟ್ ಡೌನ್’ ಮಾಡೆಂದರೆ ಕಡಿಮೆಮಾಡು. ‘ಕಟ್ ಔಟ್’ ಮಾಡೆಂದರೆ ಪೂರ್ತಿಯಾಗಿ ನಿಲ್ಲಿಸು. ಇಂತಹ ಕಡೆಯಲ್ಲಿ ಒಂದು ಕಿರುನುಡಿಯ ಮೇಲೆ ರೋಗಿಯ ಆರೋಗ್ಯವೇ ನಿಂತಿರುವುದು. ‘ಪಾಸ್ ಔಟ್’ ಎಂಬುದನ್ನು ನಮ್ಮ ದೇಶದಲ್ಲಿ ಕಾಲೇಜಿನ ವ್ಯಾಸಂಗವನ್ನು ಮುಗಿಸುವುದಕ್ಕೆ ಬಳಸುವರು. ಇಂಗ್ಲೆಂಡಿನಲ್ಲಿ ಹಾಗೆ ಹೇಳಿದರೆ, ಸೈನಿಕ ಶಿಕ್ಷಣದ ಸಂದರ್ಭವನ್ನುಳಿದು, ಕೇಳುವವರು ನೀವು ಮೂರ್ಛೆಹೋದಿರೆಂದೇ ತಿಳಿಯುವರು.

ಕಿರುನುಡಿಗಳ ಮೇಲಣ ಪ್ರೀತಿಯಿಂದ ಬೇಡವಾದಲ್ಲಿ ಅವನ್ನು ತುರುಕುವುದೂ ಸಲ್ಲದು. ‘ಕೋಪ್ ವಿತ್’ ಎನ್ನಬೇಕಾದಲ್ಲಿ ‘ಕೋಪ್ ಅಪ್ ವಿತ್’ ಎನ್ನುವುದು, ‘ಡಿಸ್ಕಸ್’ ಎಂದರೆ ಸಾಕಾದಲ್ಲಿ ‘ಡಿಸ್ಕಸ್ ಅಬೌಟ್’ ಎನ್ನುವುದು, ‘ರಿಟರ್ನ್’ ಎಂಬುದಕ್ಕೆ ‘ಬ್ಯಾಕ್’ ಎಂದು ಬಾಲ ಕಟ್ಟುವುದು, ಇವು ನಮ್ಮವರಲ್ಲಿ ಹರಡಿರುವ ದೋಷಗಳು.

ಕಲಿಯುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಪಟ್ಟಿಯನ್ನು ಬಾಯಿಪಾಠ ಮಾಡಬೇಡಿರಿ. ಒಂದು ಪುಸ್ತಕವನ್ನಿಟ್ಟುಕೊಂಡು ಪ್ರತಿ ಕಿರುನುಡಿಗೂ ಕೆಲವು ಪುಟಗಳನ್ನು ಮೀಸಲಿಡಿರಿ. ಕಥೆಯಲ್ಲಿಯೋ ಸಂಭಾಷಣೆಯಲ್ಲಿಯೋ ಹೊಸ ಜೋಡಿಯೊಂದು ಸಿಕ್ಕಿದಾಗ, ಮೊದಲು ಚಿತ್ರದಿಂದ ಅರ್ಥವನ್ನು ಊಹಿಸಿರಿ. ಅನಂತರ ನಿಘಂಟನ್ನು ನೋಡಿರಿ. ಬರಿಯ ಜೋಡಿಯನ್ನಲ್ಲ, ಅದು ಬಂದ ವಾಕ್ಯವನ್ನು ಇಡಿಯಾಗಿ ಬರೆದಿಡಿರಿ. ಅದರ ಕೆಳಗೆ ನಿಮ್ಮ ಮನೆಯ ಸಂಗತಿಯೊಂದನ್ನು ಕುರಿತು ನಿಮ್ಮದೇ ವಾಕ್ಯವನ್ನು ಬರೆಯಿರಿ. ‘ಇಟ್’ ಎಂಬುದನ್ನು ಸೇರಿಸಿ ಒಮ್ಮೆ ಗಟ್ಟಿಯಾಗಿ ಹೇಳಿರಿ. ದಿನಕ್ಕೆ ಒಂದನ್ನು ಕಲಿತರೂ ವರ್ಷಕ್ಕೆ ಮುನ್ನೂರು ದಾಟುವುವು. ಕೆಲವು ಜೋಡಿಗಳ ಚಿತ್ರವು ಹಳತಾಗಿ ಮಸುಳಿರುವುದುಂಟು. ಗೋಡೆಯ ಟೆಲಿಫೋನಿಗೆ ಶ್ರವಣಿಯನ್ನು ತೂಗುಹಾಕುತ್ತಿದ್ದುದರಿಂದ ಮಾತು ಮುಗಿಸುವುದಕ್ಕೆ ‘ಹ್ಯಾಂಗ್ ಅಪ್’ ಎಂದರು. ಫೋನು ಈಗ ಅಂಗೈಗೆ ಬಂದರೂ ಮಾತು ಮಾತ್ರ ಗೋಡೆಯಲ್ಲಿಯೇ ತೂಗುತ್ತಿದೆ. ಚಿತ್ರವೇ ಕಾಣದವುಗಳನ್ನು, ಉದಾಹರಣೆಗೆ ‘ಪುಟ್ ಅಪ್ ವಿತ್’ ಎಂಬುದನ್ನು, ರೂಢಿಯಿಂದಲೇ ಕಲಿಯತಕ್ಕದ್ದು.

ಅಭ್ಯಾಸಕ್ಕಾಗಿ ಕೆಲವು ವಾಕ್ಯಗಳನ್ನು ಇಲ್ಲಿ ಕೊಟ್ಟಿದೆ. ಪ್ರತಿಯೊಂದರ ಕ್ರಿಯೆಗೂ ತಕ್ಕ ಆಂಗ್ಲ ಜೋಡಿಯನ್ನು ಹೇಳಿರಿ.

1. ಮಳೆಯ ದೆಸೆಯಿಂದ ಆಟದ ಪಂದ್ಯವನ್ನು ಮುಂದಿನ ವಾರಕ್ಕೆ ಹಾಕಿದರು.
2. ಅಜ್ಜಿಯನ್ನು ರೈಲು ನಿಲ್ದಾಣದಲ್ಲಿ ಬೀಳ್ಕೊಟ್ಟೆವು.
3. ಡಬ್ಬಿಯಲ್ಲಿದ್ದ ಸಕ್ಕರೆಯು ತೀರಿಹೋಯಿತು.
4. ತಾಯಿಯಿಲ್ಲದ ಮಕ್ಕಳನ್ನು ಚಿಕ್ಕಮ್ಮನವರು ಸಾಕಿ ಬೆಳೆಸಿದರು.
5. ನಂಬಿದ ಗೆಳತಿಯೇ ಕೈಕೊಟ್ಟಳು.
6. ಸಂಜೆಯ ವೇಳೆಗೆ ರೋಗಿಗೆ ಪ್ರಜ್ಞೆ ಬಂದಿತು.

ಉತ್ತರಗಳು ಕ್ರಮವಾಗಿ: ಪುಟ್ ಆಫ್, ಸೀ ಆಫ್, ರನ್ ಔಟ್, ಬ್ರಿಂಗ್ ಅಪ್, ಲೆಟ್ ಡೌನ್, ಕಮ್ ರೌಂಡ್. ಇವುಗಳಲ್ಲಿ ಕರ್ಮಪದವನ್ನು ನಡುವೆ ಇಡಬಹುದಾದುವು ಯಾವುವು, ಕರ್ಮವನ್ನೇ ಬೇಡದವು ಯಾವುವು ಎಂಬುದನ್ನು ವಿದ್ಯಾರ್ಥಿನಿಯರು ತಾವೇ ವಿಂಗಡಿಸಿ, ತಮ್ಮ ಉಪಾಧ್ಯಾಯಿನಿಯವರಿಗೆ ತೋರಿಸಲಿ.